ಹತ್ತನೇ ಕ್ಲಾಸಿನ ವೃತ್ತದ ಪಾಠಕ್ಕೆ ಕನ್ನಡದಲ್ಲಿ ಏನಾದರೂ ಇದೆಯಾ? ನೆಟ್ ಇಲ್ಲದೆ ಓಡಬೇಕು

ಕುಂಬಳೆ ಟೀಚರ್:
ಕಾಸರಗೋಡಿನಲ್ಲಿ ಕೇರಳ ಪಠ್ಯದ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಸದ್ಯದಲ್ಲೇ ವೃತ್ತದ ಪಾಠ ಶುರು. ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಬರುವುದೆಲ್ಲ ಕರ್ನಾಟಕದ ಎಸ್‌ಎಸ್‌ಎಲ್‌ಸಿಯದ್ದು. ಅದರಲ್ಲಿ ಬರೀ ಸ್ಪರ್ಶಕ. ನನಗೆ ಬೇಕಾದದ್ದು ಅರ್ಧವೃತ್ತದ ಕೋನ. ದುಡ್ಡು ಕೇಳಬಾರದು, ಲಾಗಿನ್ ಕೇಳಬಾರದು. ಮಳೆ ಜೋರಾದರೆ ನಮ್ಮಲ್ಲಿ ನೆಟ್ ಹೋಯಿತು ಎಂದೇ ಲೆಕ್ಕ.

ಉಪ್ಪಳದ ಮಾಷ್ಟ್ರು:
ಟೀಚರ್, ಹತ್ತನೇ ಕ್ಲಾಸಿನದ್ದು ಎಂದು ಹುಡುಕಿದರೆ ಸಿಗುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅರ್ಧವೃತ್ತದ ಕೋನ ಒಂಬತ್ತರಲ್ಲೇ ಮುಗಿಯುತ್ತಿತ್ತು, ಕರ್ನಾಟಕದವರದ್ದೂ ಅದೇ ದಾರಿ. ಒಂಬತ್ತನೇ ಕ್ಲಾಸಿನ ವೃತ್ತ ಹುಡುಕಿ. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲೂ ನೋಡಿ, ಅಲ್ಲಿಯದ್ದನ್ನು ನಮಗೆ ಬೇಕಾದ ಹಾಗೆ ತಿದ್ದಿ ಬಳಸಬಹುದು. ನಮ್ಮ ಪುಸ್ತಕದ ಕನ್ನಡ ಪಿಡಿಎಫ್ ಹೇಗೂ ಕೇರಳ ಶಾಲೆಗಳ ‘ಸಮಗ್ರ’ ತಾಣದಲ್ಲಿದೆ.

ಆದರೆ ಈ ಪಾಠಕ್ಕೆ ವಿಡಿಯೋ ಯಾಕೆ? ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೈಟ್‌ನವರ (ಕೇರಳ ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಉಬುಂಟು ಇದ್ದರೆ, ಆಕೃತಿ ಬಿಡಿಸಿ ಅಳೆಯುವ ಜಿಯೋಜೀಬ್ರಾ ತಂತ್ರಾಂಶ ಅದರಲ್ಲೇ ಇರುತ್ತದೆ, ನೆಟ್ ಬೇಡ. ಒಂದು ವೃತ್ತ, ಅದಕ್ಕೆ ವ್ಯಾಸ ಎಬಿ. ಪಿ ಬಿಂದುವನ್ನು ವೃತ್ತಕ್ಕೆ ಅಂಟಿಸದೆ ಹೊರಗೆ ಖಾಲಿ ಜಾಗದಲ್ಲಿ ಹಾಕಿ. ಪಿಎ, ಪಿಬಿ ಎಳೆದು ಕೋನ ಅಳೆಯಿರಿ. ಈಗ ಪಿಯನ್ನು ಮೆಲ್ಲ ಎಳೆಯಿರಿ. ಹೊರಗೆ ಇದ್ದಾಗ 90ಕ್ಕಿಂತ ಕಡಿಮೆ, ವೃತ್ತದ ಗೆರೆಯ ಮೇಲೆ ಸರಿಯಾಗಿ 90, ಒಳಗೆ ಹೋದರೆ ಜಾಸ್ತಿ. ನಮ್ಮ ಪುಸ್ತಕ ಹೇಳುವುದೂ ಇದನ್ನೇ ಅಲ್ವಾ? ಮೌಸ್ ಮಕ್ಕಳ ಕೈಗೇ ಕೊಡಿ. ಗೆರೆಯ ಮೇಲೆ ತಂದು ನಿಲ್ಲಿಸಲು ಒದ್ದಾಡುತ್ತಾರೆ, ಅದೇ ಪಾಠ.

ಬದಿಯಡ್ಕದವ:
ಮಾಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ: ಕೋನ ಅಳೆಯುವಾಗ 90ರ ಬದಲು 270 ಬಂದರೆ ಗಾಬರಿ ಬೇಡ. ಜಿಯೋಜೀಬ್ರಾ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಅಳೆಯುತ್ತದೆ. ಎ, ಪಿ, ಬಿ ಬದಲು ಬಿ, ಪಿ, ಎ ಎಂದು ಒತ್ತಿ. ಹಾಗೆಯೇ ಪಿಯನ್ನು ವ್ಯಾಸದ ಇನ್ನೊಂದು ಕಡೆಗೆ ಎಳೆದರೂ 270 ಆಗುತ್ತದೆ. ಸುಮ್ನೆ ಮೇಲಿನ ಅರ್ಧದಲ್ಲೇ ಆಡಿಸಿ.

ಕುಂಬಳೆ ಟೀಚರ್:
ಮಾಡಿ ನೋಡಿದೆ, ಚಂದ ಬಂತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಸ್ಪರ್ಶಕಕ್ಕೂ ಹೀಗೆ ಮಾಡಿದವರು ಯಾರಾದರೂ ಇದ್ದೀರಾ?