ವಾಲ್ಹೈಮ್ ಆಟ: ಸ್ವಾಂಪ್ (ಜೌಗು ಪ್ರದೇಶ) ವಿಷದಲ್ಲಿ ನೀವು ಹೇಗೆ ಉಳಿದುಕೊಂಡಿರಿ?

ಕುಷ್ಟಗಿ ಹುಡುಗ:
ಎಲ್ಡರ್ ಅನ್ನುವ ಬಾಸ್‌ನನ್ನು ಹೊಡೆದೆ, ಸ್ವಾಂಪ್‌ನ ಕ್ರಿಪ್ಟ್ (ಕಬ್ಬಿಣ ಸಿಗುವ ನೆಲಮಾಳಿಗೆ) ತೆರೆಯುವ ಸ್ವಾಂಪ್ ಕೀ ಸಿಕ್ಕಿತು. ಆಮೇಲೆ ನಾಲ್ಕು ದಿನದಲ್ಲಿ ಐದು ಸಲ ಸತ್ತಿದ್ದೇನೆ. ದಡದ ಮೇಲಿದ್ದರೆ ಬ್ಲಾಬ್ ಅನ್ನುವ ಲೋಳೆ ಜೀವಿಗಳ ಹಸಿರು ವಿಷದ ಹೊಗೆ, ನೀರಿಗಿಳಿದರೆ ಜಿಗಣೆ. ಕಂಚಿನ ಕವಚ ಇದೆ. ಜೇನುಗೂಡು ಒಂದೇ ಇದೆ. ಒಬ್ಬನೇ ಆಡುವುದು, ರಾತ್ರಿ ಒಂದೂವರೆ ಗಂಟೆ ಮಾತ್ರ. ವಿಷ ತಡೆಯುವ ಪಾನೀಯ ಪಾಯ್ಸನ್ ಮೀಡ್ ಮಾಡಿಕೊಳ್ಳಲಾ, ವಿಷ ತಡೆಯುವ ಮುಖವಾಡ ರೂಟ್ ಮಾಸ್ಕ್‌ಗೆ ಕಾಯಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಿಂಧನೂರು ಗದ್ದೆ:
ತಮ್ಮ, ಮೀಡ್ ಇಲ್ಲದೆ ಅಲ್ಲಿ ಕಾಲಿಡಬೇಡ. ನಾನು ಇಟ್ಟು ಅನುಭವಿಸಿದ್ದೇನೆ.

ನಾನು ಶುರು ಮಾಡಿದ್ದು 2021ರ ಏಪ್ರಿಲ್‌ನಲ್ಲಿ. ಆಗ ರೂಟ್ ಮಾಸ್ಕ್ ಅನ್ನುವುದೇ ಆಟದಲ್ಲಿ ಇರಲಿಲ್ಲ. ಮೊದಲ ಕ್ರಿಪ್ಟ್‌ನಿಂದ 22 ಸ್ಕ್ರ್ಯಾಪ್ ಐರನ್ (ಕಬ್ಬಿಣದ ಚೂರು) ಹೊತ್ತು ಹೊರಗೆ ಬಂದೆ. ಒಂದಕ್ಕೆ 10 ತೂಕ, ಅಂದರೆ 220. ಜಾಸ್ತಿ ತೂಕ ಹೊರಿಸುವ ಬೆಲ್ಟ್ ಇಲ್ಲ, ನನ್ನ ಮಿತಿ 300. ಊಟ, ಕವಚ, ಗುದ್ದಲಿ ಎಲ್ಲ ಸೇರಿ ಮಿತಿ ದಾಟಿತ್ತು, ಓಡಲು ಆಗುತ್ತಿರಲಿಲ್ಲ. ಬಾಗಿಲಲ್ಲೇ ಊಜರ್ ಅನ್ನುವ ದೊಡ್ಡ ಬ್ಲಾಬ್ ನಿಂತಿತ್ತು. ಹೊಡೆದರೆ ಒಡೆದು ಬ್ಲಾಬ್‌ಗಳಾದವು. ಎರಡು ಸಲ ಹೊಗೆ ಬಿಟ್ಟವು, ಅಷ್ಟೇ, ನನ್ನ ಕಥೆ ಮುಗಿಯಿತು. ಸತ್ತಲ್ಲಿ ಸಾಮಾನೆಲ್ಲ ಉಳಿಯುವ ಗೋರಿ ತರಲು ಕವಚ ಇಲ್ಲದೆ ಹೋದೆ, ಜಿಗಣೆ ಕಚ್ಚಿ ಸತ್ತೆ. ಮತ್ತೆ ಹೋದೆ, ಮತ್ತೆ ಸತ್ತೆ. ಒಟ್ಟು ಮೂರು ಗೋರಿ. ಸತ್ತರೆ ಎಲ್ಲ ಸ್ಕಿಲ್ ಶೇ. 5 ಇಳಿಯುತ್ತದೆ, ಅದು ಬೇರೆ.

ನಾಲ್ಕನೇ ಸಲ ಎರಡು ಗೋರಿ ಎತ್ತಿಕೊಂಡೆ. ಅಷ್ಟರಲ್ಲಿ ಗಾಳಿ ಮಳೆ ಬಂದು ಕರೆಂಟ್ ಹೋಯಿತು. ಸೇವ್ ಆಗಿರಲಿಲ್ಲ. ಎರಡು ಗಂಟೆ ಬಿಟ್ಟು ಕರೆಂಟ್ ಬಂದಾಗ ನೋಡಿದರೆ ಎರಡೂ ಗೋರಿ ಮತ್ತೆ ಅಲ್ಲೇ ಇದ್ದವು. ಮರುದಿನವೇ 3,400 ರೂಪಾಯಿ ಕೊಟ್ಟು ಯುಪಿಎಸ್ ತಂದೆ. ಎರಡು ವರ್ಷಕ್ಕೆ ಅದರ ಬ್ಯಾಟರಿ ಹೋಯಿತು, ಮತ್ತೆ 1,100.

ಮೀಡ್ ಲೆಕ್ಕ ಹೇಳುತ್ತೇನೆ. ಜೇನು 10, ಥಿಸಲ್ ಗಿಡ 5, ನೆಕ್ ಅನ್ನುವ ಹಲ್ಲಿಯಂಥ ಪ್ರಾಣಿಯ ಬಾಲ 1, ಇದ್ದಿಲು 10. ಹುದುಗು ಬರಿಸುವ ಫರ್ಮೆಂಟರ್‌ನಲ್ಲಿ ಸುಮಾರು 40 ನಿಮಿಷ ಇಟ್ಟರೆ 6 ಬಾಟಲಿ. ಒಂದು ಬಾಟಲಿ 10 ನಿಮಿಷ ಬರುತ್ತದೆ. ಒಂದು ಗೂಡು ತುಂಬಿದರೂ ಸಿಗುವುದು ನಾಲ್ಕೇ ಜೇನು. ಎಂಟು ಗೂಡು ಹಾಕಿದೆ. ಥಿಸಲ್ ಬಿತ್ತಲು ಬರುವುದಿಲ್ಲ. ಹುಡುಕಿಕೊಂಡು ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ರಾತ್ರಿ ತಿರುಗಬೇಕು, ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ.

ನಮ್ಮಪ್ಪ ಗದ್ದೆಗೆ ಎಣ್ಣೆ ಹೊಡೆಯುವಾಗ ಮೂಗಿಗೆ ಟವೆಲ್ ಒಂದೇ ಕಟ್ಟಿಕೊಳ್ಳುವುದು. ಸಂಜೆ ತಲೆನೋವು, ವಾಂತಿ. ಮಾಸ್ಕ್ ತಂದುಕೊಟ್ಟೆ, ಸೆಕೆ ಅಂತ ತೆಗೆದಿಟ್ಟರು. ವಿಷ ಮೈಗೆ ಹತ್ತುವ ಮೊದಲೇ ತಯಾರಿ ಬೇಕು. ಹತ್ತಿದ ಮೇಲೆ ಏನೂ ನಡೆಯುವುದಿಲ್ಲ.

ಸಂಡೂರು ಕೆಂಪು ಮಣ್ಣು:
ಅಣ್ಣಾ, ಇಷ್ಟೆಲ್ಲ ಜೇನು ಸಾಕುವ ಹೊತ್ತಿಗೆ ನಾನು ಸ್ವಾಂಪ್‌ನ ಬಾಸ್ ಬೋನ್‌ಮಾಸ್‌ನನ್ನು ಮುಗಿಸಿದ್ದೆ. ಮಾಸ್ಕ್ ಒಂದು ಸಲ ಮಾಡಿಕೊಂಡರೆ ಗಡಿಯಾರ ನೋಡುವ ಕೆಲಸವೇ ಇಲ್ಲ.

ಅದಕ್ಕೆ 10 ರೂಟ್ (ಬೇರು) ಬೇಕು. ಅಬಾಮಿನೇಷನ್ ಅನ್ನುವ ಮರದಂಥ ರಾಕ್ಷಸನನ್ನು ಹೊಡೆದರೆ ಸಿಗುತ್ತವೆ. ನನಗೆ ಎರಡನ್ನು ಹೊಡೆಯಬೇಕಾಯಿತು. ಅದಕ್ಕೆ ಬೆಂಕಿ ಆಗಿಬರುವುದಿಲ್ಲ. ಮೊದಲನೆಯದಕ್ಕೆ 64 ಬೆಂಕಿ ಬಾಣ ಖರ್ಚಾದವು, ಅರ್ಧ ಮರಕ್ಕೆ ಬಿದ್ದವು. ಎರಡನೆಯದಕ್ಕೆ 31. ದೊಡ್ಡ ಮರದ ಬೇರಿನ ಮೇಲೆ ನಿಂತು ಹೊಡೆದೆ. ಇಡೀ ಶನಿವಾರ ಹೋಯಿತು, ಮನೆಯಲ್ಲಿ ರೊಟ್ಟಿ ಬಡಿಯುವ ಸರದಿ ತಪ್ಪಿಸಿಕೊಂಡೆ ಅಂತ ಅತ್ತಿಗೆ ಎರಡು ದಿನ ಮಾತು ಬಿಟ್ಟಿದ್ದರು.

ನಾನು ಮಾಡಿದ ತಪ್ಪು ಬೇರೆ. ಚೆನ್ನಾಗಿದೆ ಅಂತ ಎದೆಯ ಕವಚ ರೂಟ್ ಹಾರ್ನೆಸ್ ಕೂಡ ಹಾಕಿಕೊಂಡೆ. ಅದಕ್ಕೆ ಬೆಂಕಿ ತಡೆಯುವ ಶಕ್ತಿ ಇಲ್ಲ, ಇನ್ನೂ ಜಾಸ್ತಿ ಸುಡುತ್ತದೆ. ಬೆಂಕಿ ಎಸೆಯುವ ಸರ್ಟ್ಲಿಂಗ್ ಹತ್ತಿರ ಹೋಗಿ ಸುಟ್ಟುಹೋದೆ. ಮಾಸ್ಕ್ ಮಾತ್ರ ಹಾಕಿ, ಉಳಿದದ್ದು ಕಂಚೇ ಇರಲಿ.

ರಾಯಚೂರು ಬಿಸಿಲು:
ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ಮಾಸ್ಕ್ ಹಾಕಿ, ಮೇಲೆ ಮೀಡ್ ಕುಡಿಯಿರಿ. ಎರಡೂ ಸೇರಿದರೆ ವಿಷ ಸೊನ್ನೆ. ಆರು ತಿಂಗಳಿಂದ ಹೀಗೇ ಆಡುತ್ತಿದ್ದೇನೆ.

ಸಂಡೂರು ಕೆಂಪು ಮಣ್ಣು:
ಸೊನ್ನೆ ಆಗುವುದಿಲ್ಲ ರೀ. ಎರಡು ಸೇರುವುದೇ ಇಲ್ಲ. ಯಾವುದು ದೊಡ್ಡದೋ ಅದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳಿಂದ ಒಂದನ್ನು ದಂಡ ಮಾಡುತ್ತಿದ್ದೀರಿ.

ರಾಯಚೂರು ಬಿಸಿಲು:
ನನ್ನ ಕಣ್ಣಾರೆ ನೋಡಿದ್ದೇನೆ. ನೀವು ಪರೀಕ್ಷೆ ಮಾಡಿದ್ದೀರಾ?

ಸಿಂಧನೂರು ಗದ್ದೆ:
ನಾನು ಮಾಡಿದ್ದೇನೆ. ಸಂಡೂರು ಅಕ್ಕ ಹೇಳಿದ್ದು ಸರಿ. ಆದರೆ ಅರ್ಧ ಮಾತ್ರ ಹೇಳಿದರು. ಮಾಸ್ಕ್ ವಿಷವನ್ನು ಅರ್ಧಕ್ಕೆ ಇಳಿಸುತ್ತದೆ, ಮೀಡ್ ಕಾಲು ಭಾಗಕ್ಕೆ ಇಳಿಸುತ್ತದೆ. ಒಂದೇ ಬ್ಲಾಬ್ ಮುಂದೆ ನಿಂತು ಮೂರು ಸಲ ನೋಡಿದೆ. ಮೀಡ್ ಕುಡಿದಾಗ ಮಾಸ್ಕ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ.

ಸಂಡೂರು ಕೆಂಪು ಮಣ್ಣು:
ಅರ್ಧ ಸಾಕಾಗುತ್ತದೆ ಅಣ್ಣಾ. ನಾನು ಬದುಕಿಲ್ವಾ?

ಹಟ್ಟಿ ಶಿಫ್ಟ್:
ನಾನು ವರ್ಲ್ಡ್ ಸೆಟ್ಟಿಂಗ್ ಬದಲಾಯಿಸಿಕೊಂಡೆ. ಸತ್ತಾಗಿನ ನಷ್ಟ ಕಡಿಮೆ ಮಾಡಿದೆ, ಕಬ್ಬಿಣ ಪೋರ್ಟಲ್‌ನಲ್ಲಿ (ಕ್ಷಣದಲ್ಲಿ ದೂರ ದಾಟಿಸುವ ಬಾಗಿಲು) ಹೋಗುವಂತೆ ಮಾಡಿದೆ. ಮೊದಲು ಕಾರ್ವ್ ದೋಣಿಯಲ್ಲಿ ಸಾಗಿಸುತ್ತಿದ್ದೆ. ಅದರಲ್ಲಿ ನಾಲ್ಕೇ ಜಾಗ, 120 ಸ್ಕ್ರ್ಯಾಪ್ ಹಿಡಿಯುತ್ತದೆ. ಎದುರು ಗಾಳಿ ಸಿಕ್ಕರೆ ಮನೆ ಮುಟ್ಟಲು ಮುಕ್ಕಾಲು ಗಂಟೆ. ಈಗ ಆರಾಮ ಇದ್ದೇನೆ.

ಸಿಂಧನೂರು ಗದ್ದೆ:
ಅದು ಆಟವೇ ಅಲ್ಲ. ಕಬ್ಬಿಣ ಹೊರುವುದೇ ಸ್ವಾಂಪ್‌ನ ಕಷ್ಟ. ಅದನ್ನೇ ತೆಗೆದ ಮೇಲೆ ವಿಷಕ್ಕೆ ಯಾಕೆ ಹೆದರಬೇಕು?

ಹಟ್ಟಿ ಶಿಫ್ಟ್:
ನೋಡ್ರೀ, ನಾನು ದಿನಾ ಭೂಮಿಯ ಒಳಗೆ ಇಳಿದು ಕೆಲಸ ಮಾಡುವವನು. ಕಲ್ಲು, ದೂಳು, ಸೆಕೆ ಎಲ್ಲ ಅಲ್ಲೇ ಸಾಕಾಗಿರುತ್ತದೆ. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಬಂದು ಮತ್ತೆ ಅದಿರು ಹೊರಬೇಕಾ? ಆಟ ನಾನು ದುಡ್ಡು ಕೊಟ್ಟು ತಗೊಂಡಿದ್ದು. ನಿಮ್ಮನ್ನು ಕೇಳಿ ಆಡಬೇಕಿಲ್ಲ.

ರಾಯಚೂರು ಬಿಸಿಲು:
ಹಟ್ಟಿಯವರು ಹೇಳಿದ್ದು ಸರಿ. ಸಿಂಧನೂರಿನವರಿಗೆ ಎಲ್ಲರ ತಪ್ಪು ಕಾಣುತ್ತದೆ. ಕರೆಂಟ್ ಹೋದದ್ದಕ್ಕೂ ಆಟಕ್ಕೂ ಏನು ಸಂಬಂಧ? ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ, ಪಕ್ಕದಲ್ಲೇ ಇರುವ ನಮಗೂ ಬೇಸಿಗೆಯಲ್ಲಿ ಹೋಗುತ್ತದೆ. ನಾವು ಇಷ್ಟುದ್ದ ಬರೆದಿದ್ದೇವಾ?

ಸಿಂಧನೂರು ಗದ್ದೆ:
ಸಂಬಂಧ ಇದೆ. ಸೇವ್ ಆಗದೆ ಹೋದದ್ದು ಎರಡು ಗೋರಿ ಎತ್ತಿದ ನನ್ನ ಕಷ್ಟ. ಸೊನ್ನೆ ವಿಷ ಅಂತ ಸುಳ್ಳು ಹೇಳಿ ಆ ಹುಡುಗನನ್ನು ಕೊಲ್ಲಿಸುವವರು ನನಗೆ ಬುದ್ಧಿ ಹೇಳುವುದು ಬೇಡ.

ಕುಷ್ಟಗಿ ಹುಡುಗ:
ಅಣ್ಣಾ, ನನ್ನ ಹತ್ತಿರ ಒಂದೇ ಜೇನುಗೂಡು ಇದೆ. ಒಂದೂವರೆ ಗಂಟೆಯಲ್ಲಿ ಯಾವುದು ಆಗುತ್ತದೆ?

ಸಂಡೂರು ಕೆಂಪು ಮಣ್ಣು:
ಮಾಸ್ಕ್ ತಮ್ಮ. ಬೆಂಕಿ ಬಾಣ ಮಾತ್ರ ನೂರು ಇಟ್ಟುಕೋ. ಸಿಂಧನೂರು ಅಣ್ಣಾ, ಒಂದು ಕೇಳಬೇಕಿತ್ತು. ಆ 22 ಸ್ಕ್ರ್ಯಾಪ್ ಕೊನೆಗೂ ಸಿಕ್ಕಿತಾ?

ಸಿಂಧನೂರು ಗದ್ದೆ:
ಇಲ್ಲ. ಆಮೇಲೆ ಬೇರೆ ಕ್ರಿಪ್ಟ್‌ಗಳಿಂದ ಇನ್ನೂರಕ್ಕಿಂತ ಜಾಸ್ತಿ ತಂದೆ, ಐರನ್ ಮೇಸ್ (ಕಬ್ಬಿಣದ ಗದೆ) ಮಾಡಿದೆ, ಅದರಲ್ಲೇ ಬೋನ್‌ಮಾಸ್ ಹೊಡೆದೆ. ಆ ಗೋರಿ ಅಲ್ಲೇ ನೀರಲ್ಲಿದೆ. ಮ್ಯಾಪ್ ಮೇಲಿನ ಗುರುತು ಇವತ್ತಿಗೂ ತೆಗೆದಿಲ್ಲ.