ಅಪ್‌ಡೇಟ್: ಅಡಿಕೆ ವಖಾರಿಯ ಕಂಪ್ಯೂಟರಿಗೆ ಶಾರ್ಟ್‌ಕಟ್ ಕೀ

ಶಿರಸಿಯ ನಮ್ಮ ಅಡಿಕೆ ವಖಾರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ, ಕನ್ನಡ ಬರವಣಿಗೆಯ ತಂತ್ರಾಂಶ ನುಡಿ ಹಾಗೂ ದಿನದ ದರಪಟ್ಟಿಯ ಎಕ್ಸೆಲ್ ಕಡತವನ್ನು ಪ್ರತಿ ಸಲ ಹುಡುಕದೆ ತೆರೆಯುವುದು ಹೇಗೆಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ ‘ಶಾರ್ಟ್‌ಕಟ್ ಕೀ’ ಕೊಡಿ ಎಂದು ತಾವು ತಿಳಿಸಿದ ಉಪಾಯ ಫಲಿಸಿದೆ.

ಟ್ಯಾಲಿಯ ಶಾರ್ಟ್‌ಕಟ್‌ನ ಆ ಚೌಕದಲ್ಲಿ ಟಿ ಅಕ್ಷರವನ್ನಷ್ಟೇ ಒತ್ತಿದರೂ ವಿಂಡೋಸ್ ತಾನಾಗಿಯೇ ಕಂಟ್ರೋಲ್ ಮತ್ತು ಆಲ್ಟ್ ಸೇರಿಸಿಕೊಳ್ಳುತ್ತದೆ. ಅಪ್ಲೈ ಮಾಡಿದ ಮೇಲೆ ಆ ಮೂರನ್ನೂ ಒಟ್ಟಿಗೆ ಒತ್ತಿದರೆ ಟ್ಯಾಲಿ ತೆರೆದುಕೊಳ್ಳುತ್ತದೆ. ನುಡಿಗೂ ಹೀಗೆಯೇ ಮಾಡಿದೆ. ಡಿ ಡ್ರೈವಿನ ಫೋಲ್ಡರಿನಲ್ಲಿದ್ದ ದರಪಟ್ಟಿಯ ಶಾರ್ಟ್‌ಕಟ್ ಮಾತ್ರ ಕೊಟ್ಟ ಕೀಲಿಗಳನ್ನು ಎಷ್ಟು ಒತ್ತಿದರೂ ತೆರೆಯಲಿಲ್ಲ. ಡೆಸ್ಕ್‌ಟಾಪ್ ಅಥವಾ ಸ್ಟಾರ್ಟ್ ಮೆನುವಿನಲ್ಲಿರುವ ಶಾರ್ಟ್‌ಕಟ್‌ಗಳ ಕೀಲಿಗಳನ್ನಷ್ಟೇ ವಿಂಡೋಸ್ ಗಮನಿಸುವುದರಿಂದ, ಮೂಲ ಕಡತವನ್ನು ಇದ್ದಲ್ಲಿಯೇ ಬಿಟ್ಟು ಶಾರ್ಟ್‌ಕಟ್ಟನ್ನು ಮಾತ್ರ ಡೆಸ್ಕ್‌ಟಾಪಿಗೆ ತಂದ ಕೂಡಲೇ ಅದೂ ಸರಿಹೋಯಿತು.

ಅಕ್ಷರದ ಬದಲು ಅಂಕಿಗಳನ್ನು ಶಾರ್ಟ್‌ಕಟ್ ಕೀಯಾಗಿ ಕೊಡಬಯಸುವವರು ಒಂದನ್ನು ಗಮನಿಸಬೇಕು. ಭಾರತೀಯ ಇಂಗ್ಲಿಷ್ ಕೀಲಿಮಣೆ ವಿನ್ಯಾಸದಲ್ಲಿ ಕಂಟ್ರೋಲ್, ಆಲ್ಟ್ ಮತ್ತು 4 ಒಟ್ಟಿಗೆ ಒತ್ತಿದರೆ ರೂಪಾಯಿ ಚಿಹ್ನೆ ಮೂಡುತ್ತದೆ. ಬಿಲ್ ಬರೆಯುವವರಿಗೆ ಅದು ನಿತ್ಯ ಬೇಕಾದದ್ದು, ಆದ್ದರಿಂದ ಆ ಜೋಡಣೆಯನ್ನು ಬೇರೆ ಯಾವುದಕ್ಕೂ ಕೊಡದಿರುವುದೇ ಲೇಸು. ದಾರಿ ತೋರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.