ಸಿಂಗಾಪುರದಿಂದ ನ್ಯೂಯಾರ್ಕಿಗೆ: ದೂರಕ್ಕೂ ಗಂಟೆಗಳಿಗೂ ತಾಳೆಯಾಗುತ್ತಿಲ್ಲವೇಕೆ?

ಪ್ರಶ್ನೆ

ಸಿಂಗಾಪುರದ ಚಾಂಗಿಯಿಂದ ನ್ಯೂಯಾರ್ಕಿನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನದ ವೇಳಾಪಟ್ಟಿಯನ್ನು ನೋಡುತ್ತಿದ್ದೆ. ರಾತ್ರಿ 11.30ರ ಸುಮಾರಿಗೆ ಹೊರಟು ಮರುದಿನ ಬೆಳಿಗ್ಗೆ 6ರ ಹೊತ್ತಿಗೆ ತಲುಪುತ್ತದೆ ಎಂದಿದೆ. ಎಣಿಸಿದರೆ ಆರೂವರೆ ಗಂಟೆ. ಪಕ್ಕದಲ್ಲೇ ಪ್ರಯಾಣದ ಅವಧಿ ಹದಿನೆಂಟೂವರೆ ಗಂಟೆ ಎಂದಿದೆ. ದೂರ 15,300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು; ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೇಳು ಗಂಟೆ ಬರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಈ ದೂರವನ್ನಾದರೂ ಯಾವ ದಾರಿ ಹಿಡಿದು ಅಳೆಯುತ್ತಾರೆ?

ಉತ್ತರ 1

ವೇಳಾಪಟ್ಟಿಯಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ ಸಿಂಗಾಪುರಕ್ಕಿಂತ ಬೇಸಿಗೆಯಲ್ಲಿ 12 ಗಂಟೆ, ಚಳಿಗಾಲದಲ್ಲಿ 13 ಗಂಟೆ ಹಿಂದಿರುತ್ತದೆ. ನಿಮ್ಮ ಆರೂವರೆಗೆ ಹನ್ನೆರಡನ್ನು ಕೂಡಿಸಿ ನೋಡಿ, ಹದಿನೆಂಟೂವರೆಯೇ ಸಿಗುತ್ತದೆ.

ಉತ್ತರ 2

ದೂರದ ಪ್ರಶ್ನೆಗೆ ನೀವು ಆರಿಸಿಕೊಂಡಿರುವ ಜೋಡಿಯೇ ಸೊಗಸಾದ ಉದಾಹರಣೆ. ಚಾಂಗಿ ಇರುವುದು ಸುಮಾರು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಕೆನಡಿ ನಿಲ್ದಾಣ 74 ಡಿಗ್ರಿ ಪಶ್ಚಿಮದಲ್ಲಿ. ಕೂಡಿದರೆ 178, ಅಂದರೆ ಗೋಳದ ಮೇಲೆ ಇವೆರಡೂ ಹೆಚ್ಚುಕಡಿಮೆ ಎದುರುಬದುರು ರೇಖೆಗಳಲ್ಲಿವೆ. ಆದ್ದರಿಂದ ಇವುಗಳ ನಡುವಿನ ಅತಿ ಕಿರಿದಾದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. ಅಕ್ಷಾಂಶಗಳು ಕ್ರಮವಾಗಿ 1.4 ಮತ್ತು 40.6 ಡಿಗ್ರಿ ಉತ್ತರ, ಒಟ್ಟು 42. ಸಮಭಾಜಕದಿಂದ ಧ್ರುವವನ್ನು ದಾಟಿ ಆಚೆ ಬದಿಯ ಸಮಭಾಜಕದವರೆಗೆ 180 ಡಿಗ್ರಿ; ಅದರಲ್ಲಿ ಈ 42ನ್ನು ಕಳೆದರೆ 138 ಡಿಗ್ರಿ, ಡಿಗ್ರಿಯೊಂದಕ್ಕೆ 111 ಕಿ.ಮೀ. ಹಿಡಿದರೆ 15,318 ಕಿ.ಮೀ. ಕಾಗದ ಪೆನ್ನಿನಲ್ಲೇ ಇಷ್ಟು ಹತ್ತಿರದ ಉತ್ತರ ಸಿಗುವ ಜೋಡಿಗಳು ಅಪರೂಪ. ಚಪ್ಪಟೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ಈ ದಾರಿ ಕಾಣಿಸುವುದೇ ಇಲ್ಲ. ಗೋಳದ ಮೇಲೆ ದಾರ ಎಳೆದು ನೋಡಬೇಕು.

ಪ್ರಶ್ನೆ ಕೇಳಿದವರು

ಹಾಗಾದರೆ ವಿಮಾನ ಧ್ರುವದ ಮೇಲೆಯೇ ಹಾರುತ್ತದೆಯೇ?

ಉತ್ತರ 3

ಸಾಮಾನ್ಯವಾಗಿ ಇಲ್ಲ. ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದು ನೆಲದ ಮೇಲಿನ ಜ್ಯಾಮಿತಿ. ವಿಮಾನ ಹಾರುವುದು ಗಾಳಿಯಲ್ಲಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಪಟ್ಟಿಯಿದೆ. 900 ಕಿ.ಮೀ. ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಬೆನ್ನಿಗೆ 200 ಕಿ.ಮೀ. ಗಾಳಿ ಸಿಕ್ಕಿದರೆ ಆಸನದ ಎದುರಿನ ಪರದೆಯಲ್ಲಿ ನೆಲದ ಮೇಲಿನ ವೇಗ 1,100 ಎಂದು ಮೂಡುತ್ತದೆ, ಅದೇ ಗಾಳಿ ಎದುರಾದರೆ 700ಕ್ಕೆ ಇಳಿಯುತ್ತದೆ. ಹೀಗಾಗಿ ಈ ವಿಮಾನ ಸಿಂಗಾಪುರದಿಂದ ಹೊರಟಾಗ ಸಾಮಾನ್ಯವಾಗಿ ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಸಾಗರದ ಮೇಲೆ ಸಾವಿರಕ್ಕೂ ಹೆಚ್ಚು ಕಿ.ಮೀ. ಬಳಸಿಕೊಂಡು ಹೋಗುತ್ತದೆ, ದಾರಿ ಉದ್ದವಾದರೂ ಗಾಳಿ ಅದನ್ನು ತೀರಿಸಿಕೊಡುತ್ತದೆ. ಮರಳುವಾಗಲೂ ಅನೇಕ ಸಲ ಬಂದ ದಾರಿಯನ್ನು ಹಿಡಿಯದೆ, ಅಟ್ಲಾಂಟಿಕ್ ದಾಟಿ ಮತ್ತೆ ಪೂರ್ವಕ್ಕೇ ಹಾರುತ್ತದೆ. ಹೋಗಿ ಬರುವಷ್ಟರಲ್ಲಿ ಭೂಮಿಗೆ ಒಂದು ಸುತ್ತು ಬಂದಂತಾಯಿತು!

ನಿಮ್ಮ ಹದಿನೇಳು ಗಂಟೆಯಲ್ಲಿ ಇನ್ನೊಂದು ಕೊರತೆಯಿದೆ. ವೇಳಾಪಟ್ಟಿಯ ಅವಧಿ ಗೇಟಿನಿಂದ ಗೇಟಿಗೆ. ರನ್‌ವೇವರೆಗಿನ ಉರುಳಾಟ, ಏರುವ ಮತ್ತು ಇಳಿಯುವ ಹಂತದ ಕಡಿಮೆ ವೇಗ, ಜೊತೆಗೆ ತಡವಾದರೆ ಇರಲಿ ಎಂದು ಬಿಟ್ಟುಕೊಂಡ ಒಂದಿಷ್ಟು ನಿಮಿಷ, ಎಲ್ಲವೂ ಅದರೊಳಗೇ ಬರುತ್ತವೆ. ಮುಂದಿನ ವಿಮಾನ ಹಿಡಿಯಬೇಕಾದರೆ ಭಾಗಾಕಾರವನ್ನು ಬಿಟ್ಟು ಆ ಹದಿನೆಂಟೂವರೆಯನ್ನೇ ನಂಬಿ.